ತಿಥಿ ಬಿಟ್ಟ ಮನೆಯ ದುಃಖ

1837ರಲ್ಲಿ ಪಾದ್ರಿ ಥಾಮಸ್ ಹಾಡ್ಸನ್ ತುಮಕೂರು ಸೀಮೆಯ ಗುಬ್ಬಿಯಲ್ಲಿ ವೆಸ್ಲಿಯನ್ ಮಿಷನ್ ಶುರುಮಾಡಿದ. ಸಾವಾದ ಮನೆಯಲ್ಲಿ ಏನೇನು ಆಗಬೇಕೆಂದು ಆ ಸೀಮೆಯವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಮೂರನೆಯ ದಿನ ಹಾಲುತುಪ್ಪ, ಆಮೇಲೆ ತಿಥಿ, ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ. ಗುಬ್ಬಿ ಲಿಂಗಾಯತರ ಊರು, ಹೂಳುವುದೂ ಅಲ್ಲಿ ಹಳೆಯದೇ. ಹಾಗಾಗಿ ಕ್ರೈಸ್ತನಾದವನಿಗೆ ಗುಂಡಿ ತೋಡುವುದು ವಿಚಿತ್ರವೇನಲ್ಲ. ಕಷ್ಟವಿದ್ದದ್ದು ಮಣ್ಣು ಮುಚ್ಚಿ ಮನೆಗೆ ಬಂದ ಮೇಲೆ.

ಏಕೆಂದರೆ ಪ್ರಾಟೆಸ್ಟಂಟ್ ನಂಬಿಕೆಯಲ್ಲಿ ಸತ್ತವರಿಗಾಗಿ ಬದುಕಿರುವವರು ಮಾಡಬೇಕಾದ್ದು ಏನೂ ಉಳಿಯುವುದಿಲ್ಲ. ವೆಸ್ಲಿಯನ್ನರ, ಅಂದರೆ ಮೆಥಡಿಸ್ಟರ, ಮೂಲಪುರುಷ ಜಾನ್ ವೆಸ್ಲಿ 1784ರಲ್ಲಿ ಅಮೆರಿಕದ ಮೆಥಡಿಸ್ಟರಿಗೆ ಸಿದ್ಧಪಡಿಸಿಕೊಟ್ಟ ಧರ್ಮಸೂತ್ರಗಳು, ಸತ್ತವರ ಆತ್ಮ ಸ್ವರ್ಗಕ್ಕೆ ಮುನ್ನ ಶುದ್ಧವಾಗುವುದೆನ್ನುವ ಶುದ್ಧೀಕರಣ ಸ್ಥಳದ ಮಾತನ್ನೇ ತಳ್ಳಿಹಾಕಿದವು. ಕ್ಯಾಥೊಲಿಕರಿಗೆ ಹಾಗಲ್ಲ: ಏಳನೆಯ ದಿನದ ಪೂಜೆ, ತಿಂಗಳ ಪೂಜೆ, ನವೆಂಬರ್ 2ರಂದು ಸಮಾಧಿಗಳ ಮೇಲೆ ಮೇಣದ ಬತ್ತಿ. ಪಿಂಡ ಬಿಟ್ಟು ಬಂದವನಿಗೆ ಪೂಜೆಯೂ ಇಲ್ಲವಾದರೆ ದುಃಖವನ್ನು ಹೊರಲು ಕೈಗೆ ಕೆಲಸವೇ ಇಲ್ಲ. ಪುನರುತ್ಥಾನದ ಭರವಸೆ ದೊಡ್ಡದು, ನಿಜ. ಆದರೆ ಹನ್ನೊಂದನೆಯ ದಿನ ಬೆಳಗಾಗೆದ್ದ ವಿಧವೆ ಏನು ಮಾಡಬೇಕು?

ಜನ ತಾವೇ ದಾರಿ ಹುಡುಕಿಕೊಂಡರು. ‘ಕರ್ತನಲ್ಲಿ ನಿದ್ರೆಹೋದರು’ ಎಂದು ಕಲ್ಲಿನ ಮೇಲೆ ಕೆತ್ತಿಸಿದರು, ವರ್ಷಕ್ಕೊಮ್ಮೆ ಮನೆಯಲ್ಲಿ ಸ್ಮರಣೆಯ ಕೂಟವಿಟ್ಟರು, ಕೀರ್ತನೆ, ಬೈಬಲ್ ಪಾಠ, ಕೊನೆಗೆ ಊಟ. ಸತ್ತವರಿಗೆ ಎಡೆಯಿಲ್ಲ, ಬಂದವರಿಗೆ ಎಲೆಯಿದೆ. ಪಾದ್ರಿಗಳು ಇದನ್ನು ತಿಥಿ ಎನ್ನಲು ಒಪ್ಪುವುದಿಲ್ಲ. ನೆರೆಯವರು ಬೇರೆ ಹೆಸರು ಹುಡುಕುವ ಗೋಜಿಗೆ ಹೋಗುವುದಿಲ್ಲ. ಈಸ್ಟರ್ ನಸುಕಿನಲ್ಲಿ ಸಮಾಧಿ ತೋಟಕ್ಕೆ ಹೋಗಿ ಹಾಡುವ ಪದ್ಧತಿಯೂ ಹಲವು ಸಭೆಗಳಲ್ಲಿದೆ. ಅದರ ಮೂಲ 1732ರಲ್ಲಿ ಜರ್ಮನಿಯ ಹೆರ್ನ್‌ಹುಟ್‌ನಲ್ಲಿ ಮೊರೇವಿಯನ್ ಎಂಬ ಪ್ರಾಟೆಸ್ಟಂಟ್ ಪಂಥದ ಯುವಕರು ಮಾಡಿದ ಆರಾಧನೆ.

ದುಃಖ ಕಟ್ಟಡವಾದದ್ದೂ ಉಂಟು. ಮೈಸೂರಿನ ‘ಮಿಷನ್ ಆಸ್ಪತ್ರೆ’ಯ ಪೂರ್ಣ ಹೆಸರಿನಲ್ಲಿರುವ ಮೇರಿ ಕ್ಯಾಲ್ವರ್ಟ್ ಹೋಲ್ಡ್ಸ್‌ವರ್ತ್, ವೆಸ್ಲಿಯನ್ ಮಿಷನರಿ ಡಬ್ಲ್ಯು. ಡಬ್ಲ್ಯು. ಹೋಲ್ಡ್ಸ್‌ವರ್ತ್ ಅವರ ಮಡದಿ. ಆಕೆಯ ನೆನಪಿಗೆ 1906ರಲ್ಲಿ ಆರಂಭವಾದ ಆ ಆಸ್ಪತ್ರೆಯಲ್ಲಿ ಹುಟ್ಟಿದ ಎಷ್ಟೋ ಮಂದಿಗೆ ಅದು ಒಂದು ಮನೆಯ ಶೋಕದ ಗುರುತೆಂಬುದೇ ಗೊತ್ತಿಲ್ಲ.

1947ರ ಸೆಪ್ಟೆಂಬರ್ 27ರಂದು ಈ ವೆಸ್ಲಿಯನ್ ಮಿಷನ್ನಿನ ಮೆಥಡಿಸ್ಟ್ ಸಭೆಗಳು ದಕ್ಷಿಣ ಭಾರತ ಸಭೆಯಲ್ಲಿ ಸೇರಿದವು. ಆರಾಧನೆಯ ಪುಸ್ತಕ ಬದಲಾಯಿತು, ಮನೆಯ ಕೂಟ ಬದಲಾಗಲಿಲ್ಲ. ತುಮಕೂರಿನಲ್ಲೋ, ಕೋರದ ಕಡೆಯೋ ಕ್ರೈಸ್ತ ಗೆಳೆಯರ ಮನೆಯಿಂದ ಅಂಥ ಕೂಟಕ್ಕೆ ಕರೆ ಬಂದರೆ ಹೋಗಿ. ಉಣ್ಣದೆ ಮಾತ್ರ ಏಳಬೇಡಿ.