ಹಳೆಯ ಸುದ್ದಿಗೆ ಒಂದು ಗಂಟೆ ಆಯಸ್ಸು

ಕಾಕ್ಕನಾಡಿನ ಇನ್ಫೋಪಾರ್ಕಿನಿಂದ ನೀವು ಬೆಂಗಳೂರಿಗೆ ಕಳಿಸುವ ಫೈಲು ಚೂರುಚೂರಾಗಿ ಹಲವು ರೌಟರ್‌ಗಳನ್ನು ದಾಟುತ್ತದೆ. ಮುಂದಿನ ದಾರಿ ಯಾವುದೆಂದು ಪ್ರತಿ ರೌಟರೂ ತಾನೇ ಲೆಕ್ಕ ಹಾಕುತ್ತದೆ. ಈ ಲೆಕ್ಕ ಸರಿಹೋದ ಕತೆ ಅರ್ಧ ಶತಮಾನದಷ್ಟು ಹಳೆಯದು.

1969ರಲ್ಲಿ ಅಮೆರಿಕದಲ್ಲಿ ಶುರುವಾದ ಆರ್ಪಾನೆಟ್‌ನಲ್ಲಿ ಪ್ರತಿ ನೋಡ್ ನೆರೆಯವರನ್ನು ಕೇಳಿ ದೂರ ತಿಳಿಯುತ್ತಿತ್ತು. ಇದರ ತೊಡಕು ನಮ್ಮ ಊರುಗಳ ಹೆಸರಿನಲ್ಲಿ ಹೇಳುವುದಾದರೆ ಹೀಗೆ: ತ್ರಿಶೂರಿನಿಂದ ಕಾಸರಗೋಡಿನ ದಾರಿ ಮುಚ್ಚಿದೆ. ಆದರೆ ಆಲುವಾ 'ನನಗೆ ದಾರಿ ಗೊತ್ತು' ಅನ್ನುತ್ತದೆ, ತ್ರಿಶೂರು ನಂಬುತ್ತದೆ. ಆಲುವಾಕ್ಕೆ ಗೊತ್ತಿದ್ದದ್ದು ತ್ರಿಶೂರಿನ ಮೂಲಕ ಹೋಗುವ ದಾರಿಯೇ! ಇಬ್ಬರೂ ಒಬ್ಬರನ್ನೊಬ್ಬರು ನಂಬಿ ದೂರವನ್ನು ಏರಿಸುತ್ತಲೇ ಹೋಗುತ್ತಾರೆ. ಸಾಮಾನು ಮಾತ್ರ ನಡುವೆಯೇ ಓಡಾಡುತ್ತಿರುತ್ತದೆ.

1979ರಲ್ಲಿ ವಿಧಾನ ಬದಲಾಯಿತು. ಪ್ರತಿ ನೋಡ್ ತನ್ನ ಕೊಂಡಿಗಳ ಸ್ಥಿತಿಯನ್ನಷ್ಟೇ ಎಲ್ಲರಿಗೂ ಸಾರಬೇಕು. ಡೈಕ್‌ಸ್ಟ್ರಾ 1959ರಲ್ಲಿ ಪ್ರಕಟಿಸಿದ ಕ್ರಮದ ಜಾಡಿನಲ್ಲಿ ಎಲ್ಲರೂ ಪೂರ್ತಿ ನಕ್ಷೆಯಿಂದ ಹತ್ತಿರದ ದಾರಿ ಹುಡುಕಬೇಕು. ಯಾವ ಸುದ್ದಿ ಹೊಸದೆಂದು ತಿಳಿಯಲು 0ಯಿಂದ 63ರವರೆಗೆ ಕ್ರಮಸಂಖ್ಯೆ. ಗಡಿಯಾರದಂತೆ 63ರ ನಂತರ ಮತ್ತೆ 0.

1980ರ ಅಕ್ಟೋಬರ್ 27ರಂದು ಇಡೀ ಜಾಲ ಕೆಲವು ಗಂಟೆ ಸ್ತಬ್ಧವಾಯಿತು. ಹಾರ್ಡ್‌ವೇರ್ ದೋಷದಿಂದ ಬಿಟ್‌ಗಳು ಉದುರಿ, ಒಂದೇ ನೋಡಿನ ಸುದ್ದಿ 44, 40, 8 ಎಂಬ ಮೂರು ಸಂಖ್ಯೆಗಳಲ್ಲಿ ಹರಡಿತ್ತು. ಸುತ್ತುವ ಲೆಕ್ಕದಲ್ಲಿ 40ಕ್ಕಿಂತ 44 ಹೊಸದು, 8ಕ್ಕಿಂತ 40 ಹೊಸದು, 44ಕ್ಕಿಂತ 8 ಹೊಸದು! ಮೂರೂ ಒಂದನ್ನೊಂದು ಅಟ್ಟುತ್ತ ಜಾಲ ತುಂಬಿದವು. ತಂತಿಯ ಮೇಲೆ ಹೋಗುವಾಗ ಸುದ್ದಿಯ ತಪಾಸಣೆ ಇತ್ತು, ಮೆಮೊರಿಯೊಳಗೆ ಇರಲಿಲ್ಲ. ಆ ನೋಡಿನ ಸುದ್ದಿಯನ್ನು ಕಡೆಗಣಿಸುವಂತೆ ಉಳಿದವಕ್ಕೆ ತೇಪೆ ಹಾಕಿದ ಮೇಲೆಯೇ ಜಾಲ ಚೇತರಿಸಿಕೊಂಡಿತು.

ಗಮನಿಸಿ, ದಾರಿ ಹುಡುಕುವ ಸೂತ್ರದಲ್ಲಿ ತಪ್ಪಿರಲಿಲ್ಲ. ತಪ್ಪಿದ್ದು ಅದಕ್ಕೆ ಉಣಿಸಿದ ಸುದ್ದಿಯಲ್ಲಿ. ಬಿಬಿಎನ್ ಕಂಪನಿಯ ಎರಿಕ್ ರೋಸೆನ್ 1981ರಲ್ಲಿ ಇದನ್ನೆಲ್ಲ ಮುಚ್ಚುಮರೆಯಿಲ್ಲದೆ ಬರೆದರು. ಅದೇ ಆರ್‌ಎಫ್‌ಸಿ 789. 1983ರಲ್ಲಿ ರೇಡಿಯಾ ಪರ್ಲ್‌ಮನ್, ಎಂಥ ಕೆಟ್ಟ ಸುದ್ದಿ ಹೊಕ್ಕರೂ ಜಾಲ ತಾನಾಗಿ ಸುಧಾರಿಸಿಕೊಳ್ಳುವ ಬಗೆಯನ್ನು ತೋರಿಸಿದರು.

ಇಂದು ಕಂಪನಿಗಳ ಒಳಜಾಲಗಳಲ್ಲಿ ವ್ಯಾಪಕವಾಗಿರುವ ಓಎಸ್‌ಪಿಎಫ್‌ನ ಎರಡನೇ ಆವೃತ್ತಿಯಲ್ಲಿ ಈ ಪಾಠಗಳಿವೆ. ಅದರ 32 ಬಿಟ್‌ಗಳ ಕ್ರಮಸಂಖ್ಯೆ ಸುತ್ತುವುದಿಲ್ಲ, ನೇರ ಏರುತ್ತದೆ. ಮೆಮೊರಿಯಲ್ಲಿರುವ ಸುದ್ದಿಗೂ ತಪಾಸಣೆ ಉಂಟು. ಪ್ರತಿ ಸುದ್ದಿಗೂ ವಯಸ್ಸುಂಟು: ಹೇಳಿದವರು 30 ನಿಮಿಷಕ್ಕೊಮ್ಮೆ ಮತ್ತೆ ಹೇಳಬೇಕು, ಹೇಳದಿದ್ದರೆ ಒಂದು ಗಂಟೆಗೆ ಅದು ಅಳಿಯುತ್ತದೆ.

ರಾತ್ರಿ ಪಾಳಿಯಲ್ಲಿ ಕೆಟ್ಟ ಜಾಲವನ್ನು ಎಬ್ಬಿಸಿ, ಬೆಳಗ್ಗೆ ವರದಿ ಬರೆಯುವ ಗೆಳೆಯರು ನಮ್ಮಲ್ಲಿ ಅನೇಕರಿದ್ದಾರೆ. ಬೇಸರದ ಕೆಲಸವೇ ಸರಿ. ಆದರೆ ಯಾರೋ ಅಂಥದೊಂದು ವರದಿಯನ್ನು ಬಿಚ್ಚುಮನಸ್ಸಿನಿಂದ ಬರೆದದ್ದರಿಂದಲೇ ಮುಂದಿನವರು ಅದೇ ಗುಂಡಿಗೆ ಬೀಳಲಿಲ್ಲ.