ಕುಡ್ವರ ಬ್ಯಾಂಕ್ ಗೊತ್ತು, ಕುಡ್ವರ ಸ್ಪ್ರಿಂಗ್ ಗೊತ್ತುಂಟಾ?

1/6
ಸೆಕೆಂಡ್ ಹ್ಯಾಂಡ್ ಟೆಂಪೋ ಟ್ರಾವೆಲರ್ ತಗೊಂಡು, ಒಳಗೆ ಬೆಡ್ಡು, ಅಡುಗೆಮನೆ, ಟಾಯ್ಲೆಟ್ ಕೂರಿಸಿ ಮೋಟಾರ್‌ಹೋಮ್ ಮಾಡಿದವರ ರೀಲ್ಸ್ ನೀವೂ ನೋಡಿರ್ತೀರಿ. ಅಂಥದ್ದೊಂದನ್ನು ಮಾರಾಟಕ್ಕಿಟ್ಟಾಗ ಎಲ್ಲರೂ ಒಳಗಿನ ಲೈಟಿಂಗ್ ನೋಡ್ತಾರೆ. ಬಗ್ಗಿ ಹಿಂದಿನ ಚಕ್ರದ ಮೇಲೆ ಎಂತ ಉಂಟು ಅಂತ ನೋಡುವವರು ಕಡಿಮೆ. ಅಲ್ಲಿರುವುದು ಲೀಫ್ ಸ್ಪ್ರಿಂಗ್, ಅಂದರೆ ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪ್ಲೇಟುಗಳು. ಮಣ್ಣಗುಡ್ಡದಲ್ಲಿ ಕೂತು ಇದನ್ನು ಬರೆಯಲು ಕಾರಣ ಇದೆ. ಆ ಪ್ಲೇಟುಗಳ ಕಥೆಯಲ್ಲಿ ನಮ್ಮ ಮಂಗಳೂರಿಗೂ ಒಂದು ಪಾಲುಂಟು.

2/6
ಮೊದಲು ಸ್ವಲ್ಪ ಹಿಂದೆ ಹೋಗುವ. ಯುರೋಪಿನ ಹಳೆಯ ಕುದುರೆಗಾಡಿಗಳಲ್ಲಿ ಕೂರುವ ಪೆಟ್ಟಿಗೆಯನ್ನು ಚರ್ಮದ ಪಟ್ಟಿಗಳಲ್ಲಿ ತೂಗುಹಾಕುತ್ತಿದ್ದರು. 1804ರಲ್ಲಿ ಲಂಡನ್ನಿನ ಗಾಡಿ ತಯಾರಕ ಒಬಡಾಯಾ ಎಲಿಯಟ್ ಎಂಬವನು ಉಕ್ಕಿನ ಪ್ಲೇಟುಗಳ ಸ್ಪ್ರಿಂಗನ್ನು ನೇರವಾಗಿ ಆಕ್ಸೆಲ್ ಮೇಲೆ ಕೂರಿಸುವ ವಿಧಾನಕ್ಕೆ ಪೇಟೆಂಟ್ ಪಡೆದ. ಗಾಡಿ ಹಗುರವಾಯಿತು, ಪ್ರಯಾಣ ಮೆತ್ತಗಾಯಿತು. ನಂತರ ಬಂದ ಮೋಟಾರು ವಾಹನಗಳು ಈ ಸ್ಪ್ರಿಂಗನ್ನು ಕುದುರೆಗಾಡಿಯಿಂದಲೇ ಪಡೆದುಕೊಂಡವು.

ಐಡಿಯಾ ಸರಳ. ಭಾರ ಬಿದ್ದಾಗ ಅತಿ ಹೆಚ್ಚು ಬಾಗುವ ಒತ್ತಡ ಬರುವುದು ನಡುವಿಗೆ. ಹಾಗಾಗಿ ನಡುವಲ್ಲಿ ಹೆಚ್ಚು ಪ್ಲೇಟು, ತುದಿಗೆ ಹೋದಂತೆ ಕಡಿಮೆ. ಬಾಗುವಾಗ ಪ್ಲೇಟುಗಳು ಒಂದಕ್ಕೊಂದು ಉಜ್ಜಿ ಕುಲುಕಾಟವನ್ನೂ ಸ್ವಲ್ಪ ತಡೆಯುತ್ತವೆ. ಇನ್ನೂರು ವರ್ಷ ದಾಟಿದರೂ ಲಾರಿ, ಟ್ರಾವೆಲರ್‌ಗಳ ಹಿಂಬದಿಯಲ್ಲಿ ಇರುವುದು ಇದೇ.

3/6
ಈಗ ಮಂಗಳೂರಿಗೆ ಬನ್ನಿ. ಬಿಕಾಂ ಓದುವ ನಮಗೆ ಬ್ಯಾಂಕಿಂಗ್ ಇತಿಹಾಸದಲ್ಲಿ ಒಂದು ಸಾಲು ಸಿಗುತ್ತದೆ: 1925ರಲ್ಲಿ ಉಡುಪಿಯಲ್ಲಿ ಉಪೇಂದ್ರ ಅನಂತ ಪೈ, ಡಾ. ಟಿ.ಎಂ.ಎ. ಪೈ ಮತ್ತು ವಾಮನ ಶ್ರೀನಿವಾಸ ಕುಡ್ವ ಸೇರಿ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಶುರು ಮಾಡಿದರು. ಬಂಡವಾಳ 8,000 ರೂಪಾಯಿ. ಅದೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು, 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಇಷ್ಟು ಪರೀಕ್ಷೆಗೆ ಬರುತ್ತದೆ.

ಪರೀಕ್ಷೆಗೆ ಬಾರದ ಸಂಗತಿ ಕೇಳಿ. ಆ ಮೂವರಲ್ಲಿ ಒಬ್ಬರು ಬಿಸಿನೆಸ್‌ನವರು, ಒಬ್ಬರು ಡಾಕ್ಟರು, ಕುಡ್ವರು ಇಂಜಿನಿಯರ್. 1940ರ ದಶಕದಲ್ಲಿ ಅವರು ಮಂಗಳೂರಿನಲ್ಲಿ ಕೆನರಾ ವರ್ಕ್‌ಶಾಪ್ಸ್ ಕಟ್ಟಿದರು. ಅಲ್ಲಿ ತಯಾರಾದದ್ದು ವಾಹನಗಳ ಲೀಫ್ ಸ್ಪ್ರಿಂಗ್. ಹೆಸರು ‘ಕೆನರಾ ಸ್ಪ್ರಿಂಗ್ಸ್’.

ಆ ಕಾಲ ನೆನಪಿಸಿಕೊಳ್ಳಿ. ಯುದ್ಧದ ದಿನಗಳು, ಪೆಟ್ರೋಲಿಗೆ ರೇಷನ್, ಇದ್ದಿಲ ಗ್ಯಾಸಿನಲ್ಲಿ ಓಡುವ ಬಸ್ಸುಗಳು. ನಮ್ಮ ಜಿಲ್ಲೆಯಲ್ಲಿ ಮಳೆಗೆ ಕೊಚ್ಚಿಹೋಗುವ ರಸ್ತೆ, ಘಟ್ಟದ ತಿರುವು, ನದಿಗಳಲ್ಲಿ ಕಡವು. ಇಂಥ ಊರಲ್ಲಿ ಬಸ್ಸಿನ ಪ್ಲೇಟು ಮುರಿದರೆ ಅದು ಬರೀ ರಿಪೇರಿ ವಿಷಯ ಅಲ್ಲ, ಆವತ್ತು ಆ ದಾರಿಯ ಜನ ಪೇಟೆ ತಲುಪುವುದಿಲ್ಲ. ಆಗ ದೇಶದಲ್ಲಿ ವಾಹನ ಉದ್ಯಮವೇ ಎಳಸು. ಅಶೋಕ್ ಮೋಟಾರ್ಸ್ ಶುರುವಾದದ್ದು 1948ರಲ್ಲಿ, ಟೆಲ್ಕೋದ ಲಾರಿಗಳು ಬಂದದ್ದು 1954ರಲ್ಲಿ. ಅಷ್ಟರೊಳಗೆ ನಮ್ಮೂರಲ್ಲಿ ಉಕ್ಕು ಕಾಯಿಸಿ, ಬಾಗಿಸಿ, ಹದ ಮಾಡಿ ಸ್ಪ್ರಿಂಗ್ ತೆಗೆಯುವ ಯೋಚನೆ ಹುಟ್ಟಿತ್ತು. ಬ್ಯಾಂಕ್ ಕಟ್ಟಿದಷ್ಟೇ ದೊಡ್ಡ ಕೆಲಸ ಇದು ಅಂತ ನನಗನಿಸುತ್ತದೆ.

4/6
ಇದಕ್ಕೂ ಮೋಟಾರ್‌ಹೋಮಿಗೂ ಎಂತ ಸಂಬಂಧ? ಸಂಬಂಧ ಭಾರದ್ದು. ಬಸ್ಸಿನ ಜನ ಸ್ಟಾಪಿನಲ್ಲಿ ಇಳಿಯುತ್ತಾರೆ. ಲಾರಿ ಬಂದರಿನಲ್ಲಿ ಖಾಲಿಯಾಗುತ್ತದೆ. ಅವುಗಳ ಸ್ಪ್ರಿಂಗಿಗೆ ದಿನವೂ ಒಂದಷ್ಟು ಹೊತ್ತು ಬಿಡುವುಂಟು. ಮೋಟಾರ್‌ಹೋಮ್ ಮಾತ್ರ ನಿಂತಾಗಲೂ ಮನೆ ಹೊತ್ತುಕೊಂಡೇ ಇರುತ್ತದೆ. ವರ್ಷಗಟ್ಟಲೆ ಹೀಗೆ ಕೂತರೆ ಪ್ಲೇಟುಗಳ ಬಾಗು ಕಡಿಮೆಯಾಗಿ ಹಿಂಬದಿ ತಗ್ಗುತ್ತದೆ.

ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ತಂದ ಪಿಗ್ಮಿ ಡೆಪಾಸಿಟ್ ಗೊತ್ತಲ್ಲ, ದಿನಕ್ಕೆ 2 ಆಣೆ ಕಟ್ಟಿದರೂ ವರ್ಷದ ಕೊನೆಗೆ ಮೊತ್ತ ಆಗುತ್ತಿತ್ತು. ಇಲ್ಲಿ ಭಾರ ಬೆಳೆಯುವುದೂ ಹಾಗೇ. ಒಬ್ಬ ಓನರ್ ಇನ್ವರ್ಟರ್ ಹಾಕಿಸುತ್ತಾನೆ, ಮತ್ತೊಬ್ಬ ಇನ್ನೊಂದು ಬ್ಯಾಟರಿ. 100 ಲೀಟರ್ ನೀರಿನ ಟ್ಯಾಂಕ್ ಅಂದರೆ 100 ಕಿಲೋ. ಅದೂ ಆಕ್ಸೆಲ್‌ಗಿಂತ ಹಿಂದೆ ಕೂತರೆ ಲೆಕ್ಕವೇ ಬೇರೆ. ಚಕ್ರಗಳ ನಡುವಿನ ಅಂತರ 4 ಮೀಟರ್, ಟ್ಯಾಂಕ್ ಹಿಂದಿನ ಆಕ್ಸೆಲಿನಿಂದ 1 ಮೀಟರ್ ಹಿಂದೆ ಅಂತಿಟ್ಟುಕೊಳ್ಳಿ. ಹಿಂಬದಿಗೆ ಬೀಳುವುದು 125 ಕಿಲೋ, ಮುಂಬದಿಯಿಂದ 25 ಕಿಲೋ ಕಡಿಮೆಯಾಗುತ್ತದೆ. ಮುಂದೆ ಹಗುರವಾದಷ್ಟು ಸ್ಟೇರಿಂಗ್ ಹಿಡಿತ ಕಡಿಮೆ. ಮಳೆಯಲ್ಲಿ ಶಿರಾಡಿ ಘಾಟಿಯ ತಿರುವು, ಹಿಂದೆ ಮಕ್ಕಳು ಮಲಗಿದ್ದಾರೆ ಅಂತ ಯೋಚಿಸಿ ನೋಡಿ.

5/6
ಹಾಗಾದರೆ ಎಂತ ನೋಡಬೇಕು? ಸೇವ್ ಮಾಡಿಟ್ಟುಕೊಳ್ಳಿ.
• ಸಮತಟ್ಟು ಜಾಗದಲ್ಲಿ, ಟ್ಯಾಂಕ್ ತುಂಬಿಸಿ ನಿಲ್ಲಿಸಿ. ಹಿಂದಿನ ಚಕ್ರದ ನಡುವಿನಿಂದ ಮೇಲಿನ ಬಾಡಿಯ ಅಂಚಿನವರೆಗೆ ಎರಡೂ ಕಡೆ ಟೇಪ್ ಹಿಡಿಯಿರಿ. ವ್ಯತ್ಯಾಸ ಬಂದರೆ ಒಂದು ಕಡೆ ಭಾರ ಜಾಸ್ತಿ ಅಥವಾ ಸ್ಪ್ರಿಂಗ್ ಸೋತಿದೆ.
• ಪ್ಲೇಟುಗಳು ನೇರವಾಗಿವೆಯಾ, ಉಲ್ಟಾ ಬಾಗಿವೆಯಾ? ಸೆಂಟರ್ ಬೋಲ್ಟಿನ ಹತ್ತಿರ ಬಿರುಕು ಉಂಟಾ? ಕಡಲ ಗಾಳಿಯ ಊರು ನಮ್ಮದು, ಪ್ಲೇಟುಗಳ ನಡುವೆ ತುಕ್ಕು ಹಿಡಿದು ಪದರ ಎದ್ದಿರುತ್ತದೆ.
• ಶ್ಯಾಕಲ್ ಮತ್ತು ಬುಶ್ ಸವೆದಿದೆಯಾ, ಯು ಬೋಲ್ಟ್ ಸಡಿಲವಾ, ಶಾಕ್ ಅಬ್ಸಾರ್ಬರಿನಲ್ಲಿ ಎಣ್ಣೆ ಸೋರಿಕೆ ಉಂಟಾ?
• ಬಂಪ್ ಸ್ಟಾಪಿನ ರಬ್ಬರ್ ಜಜ್ಜಿಹೋಗಿದ್ದರೆ ಆಕ್ಸೆಲ್ ಆಗಾಗ ಹೋಗಿ ಬಡಿದಿದೆ ಅಂತ ಅರ್ಥ.
• ಬರೀ ಜಾಕ್ ನಂಬಿ ಗಾಡಿಯ ಅಡಿಗೆ ಹೋಗಬೇಡಿ ಮಾರಾಯ್ರೆ. ಸ್ಟ್ಯಾಂಡ್ ಬೇಕೇ ಬೇಕು.

6/6
ಸರಿ ಮಾಡುವುದು ಹೇಗೆ? ‘ಇನ್ನೊಂದು ಪ್ಲೇಟ್ ಹಾಕಿ’ ಅನ್ನುವ ಮೊದಲು ವೇಬ್ರಿಡ್ಜಿಗೆ ಹೋಗಿ. ಇಡೀ ಗಾಡಿಯ ತೂಕ, ಹಿಂದಿನ ಆಕ್ಸೆಲಿನ ತೂಕ ಬೇರೆ ಬೇರೆ ತೆಗೆಸಿ, ಆರ್‌ಸಿ ಮತ್ತು ಕಂಪನಿ ಕೊಟ್ಟ ಮಿತಿಯ ಜೊತೆ ಹೋಲಿಸಿ. ಮಿತಿ ದಾಟಿದ್ದರೆ ಮೊದಲ ಔಷಧ ಭಾರ ಇಳಿಸುವುದು, ಟ್ಯಾಂಕ್, ಬ್ಯಾಟರಿಗಳನ್ನು ಆಕ್ಸೆಲಿನ ಮುಂದಕ್ಕೆ ತರುವುದು.

ಮಿತಿಯೊಳಗಿದ್ದೂ ಹಿಂಬದಿ ತಗ್ಗಿದ್ದರೆ ಎರಡೂ ಕಡೆ ಒಟ್ಟಿಗೆ ಹೊಸ ಸೆಟ್ ಹಾಕಿಸಿ. ಹಳೆ ಪ್ಲೇಟನ್ನು ಬರೀ ಕಾಯಿಸಿ ಬಡಿದು ಬಾಗಿಸಿದರೆ ಉಕ್ಕಿನ ಹದ ಹೋಗುತ್ತದೆ, ಬೇಗ ಮತ್ತೆ ತಗ್ಗುತ್ತದೆ ಅಥವಾ ಮುರಿಯುತ್ತದೆ. ಹೆಲ್ಪರ್ ಸ್ಪ್ರಿಂಗ್, ಏರ್ ಬೆಲ್ಲೋಸ್ ಹಾಕಿದರೆ ಗಾಡಿ ಮೇಲೇಳುತ್ತದೆ, ಓಲಾಟವೂ ತಗ್ಗಬಹುದು. ಆದರೆ ಆಕ್ಸೆಲ್, ಟೈರ್, ಬ್ರೇಕಿನ ಶಕ್ತಿ ಒಂದು ಕಿಲೋ ಕೂಡ ಹೆಚ್ಚುವುದಿಲ್ಲ. ಎತ್ತರ ಸರಿಯಾಯಿತು ಅಂತ ಕಣ್ಣಿಗೆ ಸಮಾಧಾನ, ಓವರ್‌ಲೋಡ್ ಹಾಗೇ ಉಳಿಯಿತು. ಲಾಸ್ ಮುಚ್ಚಿಟ್ಟ ಬ್ಯಾಲೆನ್ಸ್ ಶೀಟ್ ಇದ್ದಂತೆ. ಮತ್ತೆ, 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ. ಆರ್‌ಸಿಯಲ್ಲಿರುವ ಮೂಲ ವಿವರ ಬದಲಾಗುವಂತೆ ಗಾಡಿ ಮಾರ್ಪಡಿಸುವ ಹಾಗಿಲ್ಲ. ಹಾಗಾಗಿ ಆರ್‌ಸಿಯಲ್ಲಿ ಈ ಗಾಡಿ ಏನೆಂದು ದಾಖಲಾಗಿದೆ ಅಂತ ದುಡ್ಡು ಕೊಡುವ ಮುಂಚೆಯೇ ಓದಿ.

ಬ್ಯಾಂಕಿನ ಹೆಸರಾದರೂ ನಮ್ಮ ಪುಸ್ತಕದಲ್ಲಿ ಉಳಿದಿದೆ. ಸ್ಪ್ರಿಂಗ್ ಮಾಡಿದ ಕೈಗಳ ನೆನಪು ಮನೆಮನೆಗಳಲ್ಲೇ ಇರಬೇಕು. ನಿಮ್ಮ ಅಜ್ಜನೋ ದೊಡ್ಡಪ್ಪನೋ ಕೆನರಾ ವರ್ಕ್‌ಶಾಪ್ಸಿನಲ್ಲಿ ದುಡಿದಿದ್ದರೆ, ಹಳೆ ಬಸ್ಸು ಓಡಿಸಿದ್ದರೆ, ಇವತ್ತೇ ಕೂತು ಕೇಳಿ. ಪ್ಲೇಟು ಹೇಗೆ ಹದ ಮಾಡುತ್ತಿದ್ದರು, ಸಂಬಳ ಎಷ್ಟಿತ್ತು, ಯಾವ ದಾರಿಯಲ್ಲಿ ಸ್ಪ್ರಿಂಗ್ ಹೆಚ್ಚು ಮುರಿಯುತ್ತಿತ್ತು? ಅವರು ಹೇಳಿದ್ದನ್ನು ಕಾಮೆಂಟಿನಲ್ಲಿ ಬರೆಯಿರಿ, ಮುಂದಿನ ಪೋಸ್ಟ್ ಅದರಿಂದಲೇ ಮಾಡುವ.

#ಮಂಗಳೂರುಇತಿಹಾಸ #ಮಣ್ಣಗುಡ್ಡ #ಕೆನರಾಸ್ಪ್ರಿಂಗ್ಸ್ #ಮೋಟಾರ್‌ಹೋಮ್