ಬಾಂಬಿಕ್ಸ್ (ಪತಂಗ ಕುಲ)

ಬಾಂಬಿಕ್ಸ್ ಎಂಬುದು ಬಾಂಬಿಸಿಡೀ ಕುಟುಂಬಕ್ಕೆ ಸೇರಿದ, ಏಷ್ಯಾ ಮೂಲದ ಪತಂಗಗಳ ಒಂದು ಕುಲ. 1758ರಲ್ಲಿ ಲಿನೇಯಸ್ ಇದನ್ನು ಹೆಸರಿಸಿದನು. ಹಿಪ್ಪುನೇರಳೆ ಸೊಪ್ಪು ತಿನ್ನುವ, ಕರ್ನಾಟಕದ ರೈತರೂ ಸಾಕುವ ರೇಷ್ಮೆಹುಳು ಬಾಂಬಿಕ್ಸ್ ಮೋರಿ ಈ ಕುಲದ ಪ್ರಸಿದ್ಧ ಪ್ರಭೇದ. ಸಹಸ್ರಾರು ವರ್ಷಗಳ ಸಾಕಣೆಯಿಂದ ಇದರ ಪತಂಗ ಹಾರುವ ಶಕ್ತಿಯನ್ನೇ ಕಳೆದುಕೊಂಡಿದೆ. ಮನುಷ್ಯನ ಆಸರೆಯಿಲ್ಲದೆ ಬದುಕಲಾರದು.

ಚೀನಾ, ಕೊರಿಯಾ, ಜಪಾನ್‌ಗಳಲ್ಲಿರುವ ಬಾಂಬಿಕ್ಸ್ ಮ್ಯಾಂಡರಿನಾ ಇದರ ಕಾಡು ಬಂಧು. ಇವೆರಡೂ ಕೂಡಿ ಸಂತಾನಶಕ್ತಿಯುಳ್ಳ ಮರಿಗಳನ್ನು ಪಡೆಯುವುದರಿಂದ ಇವನ್ನು ಪ್ರತ್ಯೇಕ ಪ್ರಭೇದಗಳೆನ್ನಬೇಕೆ ಎಂಬುದೇ ವರ್ಗೀಕರಣದ ತೊಡಕು. ಜಪಾನಿನ ಕಾಡುಹುಳುವಿನಲ್ಲಿ 27 ಜೊತೆ ವರ್ಣತಂತುಗಳಿವೆ. ಚೀನಾದ ಕಾಡುಹುಳುವಿನಲ್ಲಿಯೂ ಸಾಕುಹುಳುವಿನಲ್ಲಿಯೂ 28 ಜೊತೆ. ಸಾಕಣೆ ಚೀನಾದಲ್ಲಿ ಮೊದಲಾಯಿತೆಂಬುದನ್ನು ಇದು ಸಮರ್ಥಿಸುತ್ತದೆ.

ಟಸಾರ್, ಎರಿ, ಮೂಗಾ ಹುಳುಗಳು ರೇಷ್ಮೆ ನೂತರೂ ಈ ಕುಲದವಲ್ಲ. ಅವು ಸ್ಯಾಟರ್ನಿಯಿಡೀ ಕುಟುಂಬದವು.